ಮಾರ್ಜಾಲ ಮಾರ್ಗ

ಅಪಾರ್ಟ್‌ಮೆಂಟಿನಲ್ಲಿ ಬೆಕ್ಕು ಸಾಕಿದವರ ಮನೆಗೆ ಹೋಗಿ ‘ಎಲ್ಲಿ ನಿಮ್ಮ ಬೆಕ್ಕು?’ ಅಂತ ಕೇಳಿ ನೋಡಿ. ಸೋಫಾದ ಅಡಿ ಬಗ್ಗಿ ನೋಡುವ ಮೊದಲು ಅವರು ತಲೆ ಎತ್ತುತ್ತಾರೆ. ಫ್ರಿಜ್ಜಿನ ಮೇಲೆ, ವಾರ್ಡ್‌ರೋಬಿನ ನೆತ್ತಿಯಲ್ಲಿರುವ ಸೂಟ್‌ಕೇಸುಗಳ ಸಂದಿಯಲ್ಲಿ, ಹಬ್ಬಕ್ಕೊಮ್ಮೆ ಇಳಿಸುವ ದೊಡ್ಡ ಪಾತ್ರೆಗಳ ಹಿಂದೆ ಎಲ್ಲೋ ಒಂದು ಕಡೆ ಎರಡು ಕಣ್ಣು ಹೊಳೆಯುತ್ತವೆ. ಅಲ್ಲಿಗೆ ಅದು ಹತ್ತಿದ್ದು ಹೇಗೆ ಎಂದು ಮನೆಯವರಿಗೂ ಸರಿಯಾಗಿ ಗೊತ್ತಿರುವುದಿಲ್ಲ. ಮಿಕ್ಸಿಯ ಮೇಲೆ ಕಾಲಿಟ್ಟು ಹೋಯಿತೋ, ಕರ್ಟನ್ನಿಗೆ ಉಗುರು ಹಾಕಿತೋ, ಗ್ಯಾಸ್ ಕಟ್ಟೆಯನ್ನು ದಾಟಿತೋ!

ಹಳೆಯ ಮನೆಗಳಲ್ಲಿ ಬೆಕ್ಕಿಗೆ ಈ ತಾಪತ್ರಯ ಇರಲಿಲ್ಲ. ಮಲೆನಾಡಿನ ಹೆಂಚಿನ ಮನೆಯನ್ನೇ ತೆಗೆದುಕೊಳ್ಳಿ. ಹಿತ್ತಿಲ ಕಟ್ಟಿಗೆ ರಾಶಿಯಿಂದ ಕೊಟ್ಟಿಗೆಯ ಮಾಡು, ಅಲ್ಲಿಂದ ಬಚ್ಚಲುಮನೆಯ ಸೂರು, ಸೂರಿನ ಸಂದಿಯಿಂದ ಅಟ್ಟ. ಅಟ್ಟದಲ್ಲಿ ಭತ್ತದ ಚೀಲ, ಅಡಿಕೆ ಮೂಟೆ, ಅವುಗಳ ಬೆನ್ನಿಗೆ ಇಲಿ. ಮನೆಯೊಳಗೆ ತೊಲೆ, ಜಂತಿ, ಗೋಡೆಯುದ್ದಕ್ಕೂ ಓಡುವ ನಾಗಂದಿಗೆ. ನಾಗಂದಿಗೆಯ ಮೇಲೆ ಉಪ್ಪಿನಕಾಯಿ ಭರಣಿಗಳ ಮಧ್ಯೆ ಬೆಕ್ಕು ನಾಜೂಕಾಗಿ ಕಾಲಿಟ್ಟು ನಡೆದು ಹೋಗುತ್ತಿತ್ತು. ನೆಲಕ್ಕೆ ಕಾಲು ತಾಗಿಸದೆ ಅಡುಗೆಮನೆಯಿಂದ ಜಗಲಿಗೆ ಬರುವ ದಾರಿ ಅದಕ್ಕಿತ್ತು. ಅದನ್ನು ಯಾರೂ ಬೆಕ್ಕಿಗಾಗಿ ಕಟ್ಟಿಸಿದ್ದಲ್ಲ, ಮನೆ ಕಟ್ಟಿದ ರೀತಿಯೇ ಹಾಗಿತ್ತು.

ಈಗಿನ ಫ್ಲ್ಯಾಟಿನ ಗೋಡೆ ಹತ್ತಡಿ ಎತ್ತರ, ಪುಟ್ಟಿ ಹಚ್ಚಿ ನುಣುಪು ಮಾಡಿದ್ದು. ಅದರ ಮೇಲೊಂದು ಟಿವಿ, ಒಂದು ಕುಟುಂಬದ ಫೋಟೊ, ಒಂದು ಗಡಿಯಾರ. ಮೂರಡಿಯಿಂದ ಮೇಲಕ್ಕೆ ಬೆಕ್ಕಿಗೆ ಏನೂ ಇಲ್ಲ. ಹೊರಗೆ ಬಿಟ್ಟರೆ ಬೈಕು, ಕಾರು, ಬೀದಿನಾಯಿ, ರೋಗ. ಹಾಗಾಗಿ ಮನೆಯೊಳಗೇ ಇಟ್ಟು ಸಾಕುವವರು ಹೆಚ್ಚಾಗಿದ್ದಾರೆ. ಅವರಲ್ಲಿ ಕೆಲವರು ಗೋಡೆಗೆ ಹಲಗೆ ಹೊಡೆಸಿ ಕಳೆದುಹೋದ ನಾಗಂದಿಗೆಯನ್ನು ಮರಳಿ ತರುತ್ತಿದ್ದಾರೆ. ಆನ್‌ಲೈನಿನಲ್ಲಿ ಇದರ ಸೆಟ್ಟುಗಳೇ ಸಿಗುತ್ತವೆ. ಮೋಡದ ಆಕಾರದ ಹಲಗೆ, ಷಟ್ಕೋನದ ಗೂಡು, ತೂಗುಸೇತುವೆ. ನೋಡಲು ಬಲು ಚಂದ. ಗೋಡೆಗೆ ಹಾಕಿದ ಮೇಲೆ ಎಷ್ಟೋ ಮನೆಗಳಲ್ಲಿ ಅವುಗಳ ಮೇಲೆ ಮನಿಪ್ಲಾಂಟ್ ಕುಂಡ ಕೂತಿರುತ್ತದೆ, ಬೆಕ್ಕು ಮತ್ತೆ ಫ್ರಿಜ್ಜಿನ ಮೇಲೆಯೇ ಇರುತ್ತದೆ. ಕಾರಣ ಇಷ್ಟೇ: ಕೊಂಡವರು ಹಲಗೆಯನ್ನು ನೋಡಿದರು, ದಾರಿಯನ್ನು ನೋಡಲಿಲ್ಲ. ಗೋಡೆಯನ್ನಂತೂ ನೋಡಲೇ ಇಲ್ಲ.

ಬೆಕ್ಕಿಗೆ ಎತ್ತರ ಯಾಕೆ ಬೇಕು ಎನ್ನುವುದರಲ್ಲಿ ದೊಡ್ಡ ರಹಸ್ಯವೇನಿಲ್ಲ. ನಮ್ಮ ಮನೆಬೆಕ್ಕಿನ ಮೂಲಪುರುಷ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಕಾಡುಬೆಕ್ಕು. ಅದು ಇಲಿಗೆ ಹುಲಿ, ತನಗಿಂತ ದೊಡ್ಡ ಪ್ರಾಣಿಗೆ ಒಂದು ತುತ್ತು. ಬೇಟೆಯಾಡುವುದು, ಬೇಟೆಯಾಗದಂತೆ ಅಡಗುವುದು ಎರಡೂ ಅದರ ಮೈಯಲ್ಲೇ ಇವೆ. ಎತ್ತರದಲ್ಲಿ ಕೂತರೆ ಎರಡಕ್ಕೂ ಅನುಕೂಲ. ಅಮೆರಿಕದ ಬೆಕ್ಕು ವೈದ್ಯರ ಸಂಘವೂ ಅಂತಾರಾಷ್ಟ್ರೀಯ ಬೆಕ್ಕು ವೈದ್ಯಕೀಯ ಸೊಸೈಟಿಯೂ ಸೇರಿ 2013ರಲ್ಲಿ ಒಂದು ಮಾರ್ಗಸೂಚಿ ಹೊರಡಿಸಿದವು. ಬೆಕ್ಕಿನ ನೆಮ್ಮದಿಗೆ ಅದು ಐದು ಕಂಬಗಳನ್ನು ಹೇಳುತ್ತದೆ. ಮೊದಲನೆಯದೇ ಸುರಕ್ಷಿತ ತಾಣ. ಹಲ್ಲು ಕಚ್ಚಿಕೊಂಡು ಅತಿಥಿಗಳನ್ನು ಸಹಿಸುವ ಬೆಕ್ಕು, ಮಗುವಿನ ಕೈಗೆ ಬಾಲ ಸಿಕ್ಕಿಸಿಕೊಂಡ ಬೆಕ್ಕು, ಮನೆಗೆ ಹೊಸದಾಗಿ ನಾಯಿಮರಿ ಬಂದಾಗ ಮಂಚದ ಕೆಳಗೆ ಸೇರಿದ ಬೆಕ್ಕು, ಇವೆಲ್ಲ ಕೇಳುತ್ತಿರುವುದು ಅದನ್ನೇ. ಮಂಚದ ಕೆಳಗೆ ಸೇರಿದ್ದು ಹೆದರಿ ಅಡಗಿದ್ದು. ಆರಡಿ ಎತ್ತರದ ಹಲಗೆಯ ಮೇಲೆ ಅದೇ ಬೆಕ್ಕು ಮುಂಗಾಲು ಮಡಚಿ, ಕಣ್ಣರೆ ಮುಚ್ಚಿ, ನಾಯಿಮರಿಯ ಹುಚ್ಚಾಟವನ್ನು ನೋಡುತ್ತಾ ಕೂತಿರುತ್ತದೆ.

ಗೋಡೆಯ ಮೇಲೆ ಬೆಕ್ಕಿಗೆ ದಾರಿ ಮಾಡುವ ಹುಚ್ಚು ಜಗತ್ತಿಗೆ ಹಬ್ಬಿದ್ದರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದ ಬಾಬ್ ವಾಕರ್, ಫ್ರಾನ್ಸಿಸ್ ಮೂನಿ ದಂಪತಿಯ ಪಾಲು ದೊಡ್ಡದು. ಗೋಡೆಗಳಲ್ಲಿ ಕಿಂಡಿ ಕೊರೆದು, ಚಾವಣಿಯ ಕೆಳಗೆ ಕೋಣೆಯಿಂದ ಕೋಣೆಗೆ ಹೆದ್ದಾರಿ ಎಳೆದ ತಮ್ಮ ಬಣ್ಣಬಣ್ಣದ ಮನೆಯ ಬಗ್ಗೆ ಅವರ ಪುಸ್ತಕ ಬಂದದ್ದು 1996ರಲ್ಲಿ. ಆಮೇಲೆ ಟಿವಿಯಲ್ಲಿ ಹೆಸರಾದ ಜಾಕ್ಸನ್ ಗ್ಯಾಲಕ್ಸಿ, ಕೇಟ್ ಬೆಂಜಮಿನ್ ಜೊತೆ ಸೇರಿ 2014ರಲ್ಲಿ ‘ಕ್ಯಾಟಿಫಿಕೇಷನ್’ ಬರೆದರು. ಈಗ ಯೂಟ್ಯೂಬಿನಲ್ಲಿ ಇಂಥ ವಿಡಿಯೊಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಬೆಕ್ಕಿನ ಕುರಿತು ಹೇಳುವುದು ನಮಗೂ ಸಲ್ಲುತ್ತದೆ, ಗೋಡೆಯ ಕುರಿತು ಹೇಳುವುದು ಸಲ್ಲುವುದಿಲ್ಲ. ಅಲ್ಲಿನ ಮನೆಗಳದ್ದು ಹೆಚ್ಚಾಗಿ ಮರದ ಚೌಕಟ್ಟು, ಅದರ ಮೇಲೆ ಜಿಪ್ಸಮ್ ಹಾಳೆ. ಹದಿನಾರು ಇಂಚಿಗೊಂದು ನಿಲುವುಮರ ಇರುತ್ತದೆ, ಅದನ್ನು ಹುಡುಕಿ ಸ್ಕ್ರೂ ಹಾಕಿ ಅನ್ನುತ್ತಾರೆ. ಬಸವನಗುಡಿಯ ಗೋಡೆಯನ್ನು ಎಷ್ಟು ತಟ್ಟಿದರೂ ಆ ಮರ ಸಿಗುವುದಿಲ್ಲ.

ಪುಡಿ ನೋಡಿ ಗೋಡೆ ತಿಳಿ

ನಮ್ಮ ಗೋಡೆಯ ಗುಟ್ಟು ತಿಳಿಯುವುದು ಡ್ರಿಲ್ಲಿಂಗ್ ಮೆಷಿನ್ ತೂತು ಕೊರೆದಾಗ ಉದುರುವ ಪುಡಿಯಿಂದ. ಕೆಲಸ ಬಲ್ಲ ಕಾರ್ಪೆಂಟರ್ ತೂತಿನ ಕೆಳಗೆ ಒಂದು ಕಾಗದವನ್ನು ಮಡಚಿ ಅಂಟಿಸುತ್ತಾರೆ. ನೆಲ ಗಲೀಜಾಗಬಾರದು ಎನ್ನುವುದು ಒಂದು ಕಾರಣ, ಪುಡಿ ಓದಬೇಕು ಎನ್ನುವುದು ಇನ್ನೊಂದು. ಮೊದಲ ಅರ್ಧ ಇಂಚು ಪುಟ್ಟಿ, ಪ್ಲಾಸ್ಟರಿಂಗು. ಅದು ಎಲ್ಲ ಮನೆಯಲ್ಲೂ ಬಿಳಿ, ಬೂದು. ಅಲ್ಲಿಂದ ಆಚೆ ಕೆಂಪು ಪುಡಿ ಬಂದರೆ ಇಟ್ಟಿಗೆ. ಒರಟು ಬೂದುಪುಡಿ, ಜೊತೆಗೆ ಜಲ್ಲಿಯ ಚೂರು ಬಂದರೆ ಸಾಲಿಡ್ ಸಿಮೆಂಟ್ ಬ್ಲಾಕ್. ಬೆಂಗಳೂರಿನ ಬಹುಪಾಲು ಮಧ್ಯಮವರ್ಗದ ಫ್ಲ್ಯಾಟುಗಳು ಇದರವೇ. ಇವೆರಡೂ ಬೆಕ್ಕಿನ ಹಲಗೆಗೆ ಒಳ್ಳೆಯ ಗೋಡೆಗಳು. ಡ್ರಿಲ್ ಸದ್ದಿಲ್ಲದೆ ಸರ್ರನೆ ಒಳಕ್ಕೆ ಹೋಗಿ, ಮೈದಾ ಹಿಟ್ಟಿನಂಥ ಪುಡಿ ಉದುರಿತೋ, ಅದು ಎಎಸಿ ಬ್ಲಾಕು. 1920ರ ದಶಕದಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ, ಗಾಳಿಗುಳ್ಳೆ ತುಂಬಿದ ಈ ಹಗುರ ಇಟ್ಟಿಗೆಯನ್ನು ಈಗಿನ ಎತ್ತರದ ಕಟ್ಟಡಗಳಲ್ಲಿ ಬಳಸುತ್ತಾರೆ. ಮೇಸ್ತ್ರಿಗಳ ಬಾಯಲ್ಲಿ ಇದು ಸಿಪೊರೆಕ್ಸ್.

ಎಎಸಿ ಗೋಡೆಗೆ ಹಲಗೆ ಹಾಕಬಾರದು ಅಂತೇನೂ ಇಲ್ಲ, ಹಾಕುವ ಕ್ರಮ ಬೇರೆ. ಹ್ಯಾಮರ್ ಮೋಡ್ ಆಫ್ ಮಾಡಿ, ಬರಿ ತಿರುಗಿಸಿ ಕೊರೆಯಬೇಕು. ಕುಟ್ಟಿದರೆ ತೂತು ಒಳಗೊಳಗೇ ಪುಡಿಯಾಗಿ ಅಗಲವಾಗುತ್ತದೆ. ಸಾಮಾನ್ಯ ಪ್ಲಗ್ ಅಲ್ಲಿ ಹಿಡಿಯುವುದಿಲ್ಲ, ಆ ಬ್ಲಾಕಿಗೆಂದೇ ಮಾಡಿದ, ಸುರುಳಿ ರೆಕ್ಕೆಗಳಿರುವ ಉದ್ದನೆಯ ನೈಲಾನ್ ಪ್ಲಗ್ ಬೇಕು. ಇನ್ನು ಹಾಲೋ ಬ್ಲಾಕಾದರೆ ಮೆಷಿನ್ ಒಂದಿಂಚು ಹೋಗುತ್ತಿದ್ದಂತೆ ದಡಕ್ಕನೆ ಪೊಳ್ಳಿಗೆ ಬೀಳುತ್ತದೆ. ಆ ತೂತನ್ನು ಮುಚ್ಚಿ, ಪಕ್ಕಕ್ಕೆ ಸರಿದು ಗಟ್ಟಿ ಭಾಗ ಹುಡುಕುವುದೇ ಜಾಣತನ. ಮಿವಾನ್ ಅಚ್ಚಿನಲ್ಲಿ ಎರಕ ಹೊಯ್ದ ಕಾಂಕ್ರೀಟ್ ಗೋಡೆ ಇನ್ನೊಂದು ಕಥೆ. ಮನೆಯಲ್ಲಿಟ್ಟುಕೊಳ್ಳುವ ಚಿಕ್ಕ ಮೆಷಿನ್ ಅಲ್ಲಿ ಕಿರುಚಿಕೊಳ್ಳುತ್ತದೆಯೇ ಹೊರತು ಒಳಕ್ಕೆ ಹೋಗುವುದಿಲ್ಲ. ರೋಟರಿ ಹ್ಯಾಮರ್ ಬೇಕು, ನಡುವೆ ಕಬ್ಬಿಣದ ಸರಳು ಸಿಕ್ಕರೆ ಜಾಗ ಬದಲಿಸಬೇಕು. ಒಮ್ಮೆ ಹಾಕಿದ ಮೇಲೆ ಮಾತ್ರ ಆ ಗೋಡೆ ಬೆಕ್ಕನ್ನೇನು, ನಿಮ್ಮನ್ನೂ ಹೊರುತ್ತದೆ.

ಪ್ಲಗ್ಗಿನ ವಿಷಯ ಬಂದಿದ್ದರಿಂದ ಒಂದು ಮಾತು. ನಮ್ಮ ಎಲೆಕ್ಟ್ರಿಷಿಯನ್ನರು ‘ರಾಲ್ ಪ್ಲಗ್’ ಅನ್ನುತ್ತಾರಲ್ಲ, ಅದು ಲಂಡನ್ನಿನ ಗುತ್ತಿಗೆದಾರ ಜಾನ್ ರಾಲಿಂಗ್ಸ್ ಹೆಸರು. ಬ್ರಿಟಿಷ್ ಮ್ಯೂಸಿಯಮ್ಮಿನ ಗೋಡೆಗಳನ್ನು ಕೆಡಿಸದೆ ವಿದ್ಯುತ್ ಸಾಮಾನು ಕೂರಿಸಬೇಕಾಗಿ ಬಂದು 1911ರ ಹೊತ್ತಿಗೆ ಆತ ನಾರಿನ ಪ್ಲಗ್ ಮಾಡಿದ. ಅಂಗಡಿಯವರು ‘ಫಿಷರ್’ ಅನ್ನುವುದು ಜರ್ಮನಿಯ ಆರ್ಟುರ್ ಫಿಷರ್ 1958ರಲ್ಲಿ ಮಾಡಿದ ನೈಲಾನ್ ಪ್ಲಗ್. ಸಾವಿರಕ್ಕೂ ಹೆಚ್ಚು ಪೇಟೆಂಟ್ ಪಡೆದ ಮನುಷ್ಯ ಅವನು. ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುವ ಈ ಬೆರಳುದ್ದದ ತುಂಡಿನ ಮೇಲೆ ಬೆಕ್ಕಿನ ಜೀವ ನಿಂತಿರುತ್ತದೆ. ಆದ್ದರಿಂದ ಹಲಗೆಗೆ ಸಾವಿರಾರು ರೂಪಾಯಿ ಸುರಿದು, ಪ್ಯಾಕೆಟ್ಟಿನ ಜೊತೆ ಪುಕ್ಕಟೆ ಬಂದ ತೆಳ್ಳನೆಯ ಪ್ಲಗ್ಗನ್ನೇ ಹಾಕಿಸಬೇಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಗೋಡೆಗೆ 8 ಅಥವಾ 10 ಮಿಲಿಮೀಟರಿನ ನೈಲಾನ್ ಪ್ಲಗ್, ಅದಕ್ಕೆ ತಕ್ಕ ಎರಡರಿಂದ ಎರಡೂವರೆ ಇಂಚಿನ ಸ್ಕ್ರೂ ಇರಲಿ. ಪ್ಲಗ್ಗು ಪ್ಲಾಸ್ಟರಿಂಗನ್ನು ದಾಟಿ ಒಳಗಿನ ಗಟ್ಟಿ ಗೋಡೆಯಲ್ಲಿ ಕೂರಬೇಕು. ಕೂರಿಸುವ ಮೊದಲು ತೂತಿನ ಪುಡಿಯನ್ನು ಊದಿ ತೆಗೆಯಬೇಕು. ಊದುವಾಗ ಕಣ್ಣು ಮುಚ್ಚಿಕೊಳ್ಳಿ ಎನ್ನುವುದನ್ನು ಯಾರೂ ಹೇಳುವುದಿಲ್ಲ.

‘ಐದು ಕೆಜಿ ಬೆಕ್ಕಿಗೆ ಇಷ್ಟೆಲ್ಲ ಬೇಕಾ ಸಾರ್? ಇದರ ಮೇಲೆ ಮೂವತ್ತು ಕೆಜಿ ಪುಸ್ತಕ ಇಟ್ರೂ ಅಲ್ಲಾಡಲ್ಲ’ ಎಂದು ಕಾರ್ಪೆಂಟರ್ ಕೇಳಬಹುದು. ಪುಸ್ತಕ ನೆಗೆಯುವುದಿಲ್ಲ. ಐದು ಕೆಜಿಯ ಬೆಕ್ಕು ಹದಿನಾರು ಇಂಚು ಮೇಲಿನಿಂದ ಹಲಗೆಗೆ ಧುಮುಕಿ, ಕಾಲು ಮಡಚಿ ನಾಲ್ಕಿಂಚಿನಲ್ಲಿ ತನ್ನನ್ನು ತಡೆದುಕೊಂಡರೆ ಆ ಗಳಿಗೆಯಲ್ಲಿ ಹಲಗೆಯ ಮೇಲೆ ಬೀಳುವ ಭಾರ ಸರಾಸರಿ ಐದು ಪಟ್ಟು, ಅಂದರೆ 25 ಕೆಜಿಯಷ್ಟು. ಅದು ಗೋಡೆಯಿಂದ ಹತ್ತಿಂಚು ಮುಂದಿರುವ ಅಂಚಿಗೆ ಬಿದ್ದರೆ ಹಲಗೆ ಸನ್ನೆಗೋಲಾಗಿ ಮೇಲಿನ ಸ್ಕ್ರೂವನ್ನು ಗೋಡೆಯಿಂದ ಕೀಳಲು ನೋಡುತ್ತದೆ. ಎಲ್ ಬ್ರ್ಯಾಕೆಟ್ಟಿನ ಗೋಡೆಯ ಕಾಲು ಎಂಟಿಂಚು ಇದ್ದರೆ ಎಳೆತ ಸುಮಾರು 31 ಕೆಜಿ. ಅದೇ ನಾಲ್ಕಿಂಚಿನ ಪುಟಾಣಿ ಬ್ರ್ಯಾಕೆಟ್ ಆದರೆ 62 ದಾಟುತ್ತದೆ. ಉದ್ದ ಕಾಲು ಗೋಡೆಗೆ, ಗಿಡ್ಡ ಕಾಲು ಹಲಗೆಗೆ ಎಂಬ ಮಾತಿನ ಹಿಂದಿರುವ ಲೆಕ್ಕ ಇದು. ಬ್ರ್ಯಾಕೆಟ್ ಕಾಣಿಸದಂತೆ ಒಳಗೆ ಸರಳು ತೂರಿಸುವ ‘ಫ್ಲೋಟಿಂಗ್’ ಹಲಗೆ ಫೋಟೊದಲ್ಲಿ ಸೊಗಸಾಗಿರುತ್ತದೆ. ಫೋಟೊ ಫ್ರೇಮು ಇಡುವುದಾದರೆ ಧಾರಾಳವಾಗಿ ಹಾಕಿಸಿ. ಬೆಕ್ಕು ಧುಮುಕುವ ಜಾಗಕ್ಕೆ ನನ್ನ ಮತ ಎದ್ದು ಕಾಣುವ ಕಬ್ಬಿಣದ ಬ್ರ್ಯಾಕೆಟ್ಟಿಗೆ.

ಒಂದು ಎಚ್ಚರಿಕೆ ಬೆಕ್ಕಿಗೆ ಸಂಬಂಧಿಸಿದ್ದಲ್ಲ, ಕೊರೆಯುವವರಿಗೆ ಸಂಬಂಧಿಸಿದ್ದು. ಕನ್ಸೀಲ್ಡ್ ವೈರಿಂಗ್ ಸಾಮಾನ್ಯವಾಗಿ ಸ್ವಿಚ್‌ಬೋರ್ಡಿನಿಂದ ನೇರ ಮೇಲಕ್ಕೋ ಕೆಳಕ್ಕೋ ಹೋಗಿರುತ್ತದೆ. ಆ ಪಟ್ಟಿಯನ್ನು ಬಿಟ್ಟುಬಿಡಿ. ಬಚ್ಚಲುಮನೆಗೆ ಬೆನ್ನು ಕೊಟ್ಟ ಗೋಡೆಯಲ್ಲಿ ನೀರಿನ ಪೈಪು ಎಲ್ಲೆಂದು ತಿಳಿಯದೆ ಕೈ ಹಾಕಬೇಡಿ.

ಇಳಿಯುವ ಲೆಕ್ಕ

ದಾರಿಯ ವಿಷಯಕ್ಕೆ ಬರೋಣ. ಆರೋಗ್ಯವಾಗಿರುವ ಬೆಕ್ಕು ನಿಂತಲ್ಲಿಂದ ಐದಡಿ ನೆಗೆಯಬಲ್ಲದು. ಅದನ್ನು ನೋಡಿ ಹಲಗೆಗಳನ್ನು ಎರಡೂವರೆ, ಮೂರಡಿಗೊಂದರಂತೆ ಹೊಡೆಸುತ್ತಾರೆ. ಬೆಕ್ಕು ಹತ್ತುತ್ತದೆ ಕೂಡ. ಆಮೇಲೆ ಮೇಲೆ ನಿಂತು ಕೂಗುತ್ತದೆ.

ಹೊಂಗೆ ಮರದ ಅಳಿಲು ತಲೆ ಕೆಳಗಾಗಿ ಇಳಿಯುವುದನ್ನು ನೋಡಿದ್ದೀರಲ್ಲ, ಅದಕ್ಕೆ ಹಿಂಗಾಲಿನ ಗಿಣ್ಣು ಹಿಂದಕ್ಕೆ ತಿರುಗುತ್ತದೆ. ದಕ್ಷಿಣ ಅಮೆರಿಕದ ಮಾರ್ಗೆ ಎಂಬ ಕಾಡುಬೆಕ್ಕಿಗೂ ಆ ವಿದ್ಯೆ ಇದೆ. ನಮ್ಮ ಬೆಕ್ಕಿಗಿಲ್ಲ. ಅದರ ಉಗುರುಗಳ ಬಾಗು ಮೇಲಕ್ಕೆ ಹತ್ತುವಾಗ ಕೊಕ್ಕೆ ಹಾಕುತ್ತದೆ, ತಲೆ ಕೆಳಗಾದರೆ ಜಾರುತ್ತದೆ. ಹಾಗಾಗಿ ಅದು ಮರದಿಂದ ಹಿಮ್ಮುಖವಾಗಿ ತೆವಳಿ ಇಳಿಯುತ್ತದೆ, ಹಲಗೆಯಿಂದಾದರೆ ಧುಮುಕುತ್ತದೆ. ಧುಮುಕುವುದಕ್ಕೆ ಮುಂಚೆ ಅದು ಮಾಡುವುದನ್ನು ಒಮ್ಮೆ ಗಮನವಿಟ್ಟು ನೋಡಿ. ಮೊದಲು ಅಂಚಿಗೆ ಬಂದು ತಲೆಯನ್ನು ಮೇಲೆ ಕೆಳಗೆ ಕುಣಿಸಿ ದೂರ ಅಳೆಯುತ್ತದೆ. ಹಿಂಗಾಲನ್ನು ಹಲಗೆಯ ಮೇಲೆ ಊರಿ, ಮುಂಗಾಲುಗಳನ್ನು ಒಂದಾದ ಮೇಲೊಂದು ಗೋಡೆಗೆ ಒತ್ತಿಕೊಂಡು ಕೆಳಕ್ಕೆ ಜಾರಿಸುತ್ತದೆ. ಮೈ ಪೂರಾ ಚಾಚಿ, ಇನ್ನು ಚಾಚಲಾಗದು ಎನ್ನುವಲ್ಲಿ ಹಿಂಗಾಲನ್ನು ಬಿಡುತ್ತದೆ. ಬೀಳುವ ದೂರವನ್ನು ತನ್ನ ಮೈಯುದ್ದದಷ್ಟು ಕಡಿಮೆ ಮಾಡಿಕೊಳ್ಳುವ ಉಪಾಯ. ಕೆಲವು ವಾರಗಳಲ್ಲಿ ಪ್ರತಿ ಹಲಗೆಯ ಕೆಳಗೂ ಗೋಡೆಯ ಮೇಲೆ ಎರಡು ಮಸುಕು ಗೀರು ಮೂಡುತ್ತವೆ. ಆ ಗೋಡೆಗೆ ಒರೆಸಲು ಬರುವ ಪೇಂಟ್ ಹೊಡೆಸಿದ್ದರೆ ಬಚಾವ್.

ಆದ್ದರಿಂದ ಹಲಗೆಗಳ ಅಂತರವನ್ನು ಇಳಿಯುವ ಬೆಕ್ಕನ್ನು ಮನಸ್ಸಿನಲ್ಲಿಟ್ಟು ಗುರುತು ಹಾಕಬೇಕು. ಒಂದರಿಂದ ಒಂದಕ್ಕೆ ಎತ್ತರದಲ್ಲಿ ಹನ್ನೆರಡರಿಂದ ಹದಿನೈದು ಇಂಚು, ಅಡ್ಡಕ್ಕೆ ಅಂಚಿನಿಂದ ಅಂಚಿಗೆ ಒಂದಡಿ ಸಾಕು. ಒಂದರ ನೇರ ಮೇಲೆ ಇನ್ನೊಂದು ಬಂದರೆ ತಲೆ ಬಡಿಯುತ್ತದೆ, ಮೆಟ್ಟಿಲಿನ ಹಾಗೆ ಪಕ್ಕಕ್ಕೆ ಸರಿದಿರಬೇಕು. ಬರಿ ಕಾಲಿಟ್ಟು ಹೋಗುವ ಹಲಗೆ ಹತ್ತಿಂಚು ಅಗಲ ಇದ್ದರೆ ನಡೆಯುತ್ತದೆ. ಮಲಗುವುದಕ್ಕೆ ಒಂದಡಿಗಿಂತ ಹೆಚ್ಚು ಅಗಲ, ಎರಡಡಿ ಉದ್ದ ಬೇಕು. ಪರ್ಷಿಯನ್ ಬೆಕ್ಕು ಗಿಡ್ಡಕಾಲಿನ ದೊಡ್ಡ ಮೈಯದು, ಅದಕ್ಕೆ ಎತ್ತರ ಕಡಿಮೆ ಮಾಡಿ ಅಗಲ ಹೆಚ್ಚು ಮಾಡಬೇಕು. ಕೊನೆಯ ಹಲಗೆ ಚಾವಣಿಗೆ ಅಂಟಿಕೊಳ್ಳದಿರಲಿ, ನಡುವೆ ಒಂದೂವರೆ ಅಡಿಯಾದರೂ ಬಿಡಿ. ಮನುಷ್ಯರ ಹಣೆಯ ಎತ್ತರಕ್ಕೆ ಬರುವ ಹಲಗೆಯನ್ನು ಓಡಾಡುವ ಜಾಗದಲ್ಲಿ ಹಾಕದೆ ಸೋಫಾದ ಮೇಲೋ ಮಂಚದ ತಲೆಯ ಕಡೆಗೋ ತಳ್ಳಿ. ಮೂಲೆಗಳನ್ನು ದುಂಡಗೆ ಕೊಯ್ಸಿ.

ಡ್ರಿಲ್ ಹಿಡಿಯುವ ಮೊದಲು ಹಳೆಯ ದಿನಪತ್ರಿಕೆಯನ್ನು ಹಲಗೆಯ ಅಳತೆಗೆ ಕತ್ತರಿಸಿ ಗೋಡೆಗೆ ಟೇಪಿನಲ್ಲಿ ಅಂಟಿಸಿ, ಎರಡು ದಿನ ಹಾಗೇ ಬಿಡಿ. ಬಾಗಿಲು ತೆರೆದರೆ ತಾಗುತ್ತದೆಯೇ, ದೇವರ ದೀಪದ ಮೇಲೆ ಬರುತ್ತದೆಯೇ, ಮನೆಯವರಿಗೆ ಒಪ್ಪಿಗೆಯೇ ಎನ್ನುವುದೆಲ್ಲ ಆಗಲೇ ಹೊರಬರುತ್ತದೆ.

ಆ ಕಾಗದಗಳು ಎಲ್ಲಿಗೆ ಹೋಗಿ ಮುಟ್ಟುತ್ತವೆ ಎನ್ನುವುದೇ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಗೋಡೆಯ ನಡುವೆ ಮೂರು ಹಲಗೆ ಹತ್ತಿ, ಮೇಲೆ ಏನೂ ಇಲ್ಲದೆ, ಬಂದ ದಾರಿಯಲ್ಲೇ ಇಳಿಯಬೇಕೆಂದರೆ ಬೆಕ್ಕು ಯಾಕೆ ಹೋಗುತ್ತದೆ? ಬೆಳಗಿನ ಬಿಸಿಲು ಬೀಳುವ ಪೂರ್ವದ ಕಿಟಕಿ, ಅಂಗಳದ ಅಳಿಲು ಪಾರಿವಾಳ ಕಾಣುವ ಜಾಗ, ಮನೆಯವರು ಸಂಜೆ ಕೂರುವ ಹಾಲು, ಈಗಾಗಲೇ ಅದು ಮೆಚ್ಚಿರುವ ವಾರ್ಡ್‌ರೋಬಿನ ನೆತ್ತಿ, ಇವುಗಳನ್ನು ಕೂಡಿಸುವುದೇ ಹಲಗೆಯ ಕೆಲಸ. ಫ್ರಿಜ್ಜು, ಬೀರು, ಪುಸ್ತಕದ ಕಪಾಟುಗಳನ್ನು ದಾರಿಯ ಭಾಗವಾಗಿ ಸೇರಿಸಿಕೊಂಡರೆ ಕೊರೆಯುವ ತೂತುಗಳೂ ಉಳಿಯುತ್ತವೆ. ಕಿಟಕಿಯ ಹತ್ತಿರ ತರುವುದಾದರೆ ಮೊದಲು ಜಾಲರಿ. ಪಾರಿವಾಳಕ್ಕೆಂದು ಹಾಕುವ ನೈಲಾನ್ ಬಲೆಯನ್ನು ಬೆಕ್ಕು ಕಚ್ಚಿ ಹರಿಯಬಲ್ಲದು. ಈಚೆಗೆ ಫ್ಯಾಷನ್ನಾಗಿರುವ ತಂತಿಯ ‘ಇನ್‌ವಿಸಿಬಲ್ ಗ್ರಿಲ್’ ಸಂದಿಯಲ್ಲಿ ಮರಿಬೆಕ್ಕು ತೂರಿ ಹೋಗುತ್ತದೆ. ಬೆಕ್ಕಿನ ಕೊರಳೆಲುಬು ಬೇರೆ ಎಲುಬಿಗೆ ಕೂಡಿಕೊಂಡಿರುವುದಿಲ್ಲ, ತಲೆ ಹೋದ ಕಡೆ ಮೈಯೂ ಹೋಗುತ್ತದೆ. ಮೇಲಿಂದ ಬಿದ್ದರೂ ಬೆಕ್ಕಿಗೆ ಏನೂ ಆಗದು ಎಂಬ ನಂಬಿಕೆಗೆ 1987ರ ಒಂದು ನ್ಯೂಯಾರ್ಕ್ ಅಧ್ಯಯನವನ್ನು ಎತ್ತಿ ಹೇಳುತ್ತಾರೆ. ಕಟ್ಟಡದಿಂದ ಬಿದ್ದು ಆಸ್ಪತ್ರೆಗೆ ಬಂದ 132 ಬೆಕ್ಕುಗಳಲ್ಲಿ ಚಿಕಿತ್ಸೆ ಪಡೆದವು ನೂರಕ್ಕೆ ತೊಂಬತ್ತು ಬದುಕಿದವು ಎನ್ನುವುದು ಅದರ ಲೆಕ್ಕ. ಆಸ್ಪತ್ರೆಗೆ ತರುವ ಅಗತ್ಯವೇ ಉಳಿಯದಂತೆ ಸತ್ತ ಬೆಕ್ಕುಗಳು ಆ ಲೆಕ್ಕದಲ್ಲಿಲ್ಲ.

ಎರಡು ಬೆಕ್ಕುಗಳಿರುವ ಮನೆಯಲ್ಲಿ ಒಂದೇ ದಾರಿ ಇದ್ದರೆ ಜಗಳ ಖಾಯಂ. ಜೋರಿನದು ಕೆಳಗಿನ ಹಲಗೆಯಲ್ಲಿ ಸುಮ್ಮನೆ ಕೂತರೆ ಸಾಕು, ಮೇಲಿನದು ಸೆರೆ. ಹೊಡೆದಾಟ ಕಾಣುವುದಿಲ್ಲ, ಆದರೆ ಮೇಲಿನ ಬೆಕ್ಕು ಹೊತ್ತಿಗೆ ಸರಿಯಾಗಿ ಮಣ್ಣಿನ ಟ್ರೇಗೆ ಹೋಗಲಾರದೆ ಹಾಸಿಗೆ ಒದ್ದೆ ಮಾಡುತ್ತದೆ, ಬೈಗುಳವೂ ಅದಕ್ಕೇ. ಹತ್ತಲೊಂದು, ಇಳಿಯಲೊಂದು ದಾರಿ ಬೇಕು. ನಡುವೆ ಒಂದಾದರೂ ಹಲಗೆ ಎರಡೂ ಪಕ್ಕದಲ್ಲಿ ಹಾದುಹೋಗುವಷ್ಟು ಅಗಲ ಇರಬೇಕು.

ನಮ್ಮ ಮನೆಗಳಿಗೇ ವಿಶೇಷವಾದ ಅಪಾಯವೊಂದು ವಿದೇಶಿ ವಿಡಿಯೊಗಳಲ್ಲಿ ಅಷ್ಟಾಗಿ ಕಾಣಿಸುವುದಿಲ್ಲ. ಅದು ಸೀಲಿಂಗ್ ಫ್ಯಾನ್. ಸಾಮಾನ್ಯ ಫ್ಯಾನಿನ ಸುತ್ತು 1200 ಮಿಲಿಮೀಟರ್, ಅಂದರೆ ನಡುವಿನಿಂದ ಎರಡಡಿ ದೂರಕ್ಕೆ ರೆಕ್ಕೆ ಚಾಚಿರುತ್ತದೆ. ರೆಕ್ಕೆಯ ತುದಿಯಿಂದ ಇನ್ನೂ ನಾಲ್ಕಡಿಯೊಳಗೆ, ಆರಡಿಗಿಂತ ಎತ್ತರದಲ್ಲಿ ಯಾವ ಹಲಗೆಯೂ ಬೇಡ. ಹತ್ತಡಿ ಅಗಲದ ಚಿಕ್ಕ ಕೋಣೆಯಾದರೆ ನಾಲ್ಕೂ ಗೋಡೆ ಈ ಗೆರೆಯೊಳಗೇ ಬರುತ್ತವೆ. ಅಲ್ಲಿ ಹಲಗೆಗಳನ್ನು ಐದಡಿಗೇ ನಿಲ್ಲಿಸಬೇಕು, ಇಲ್ಲವೇ ಗೋಡೆ ಫ್ಯಾನಿಗೆ ಬದಲಾಯಿಸಬೇಕು. ಅದರ ಜೊತೆಗೆ ಹಲ್ಲಿ. ಸಂಜೆ ಟ್ಯೂಬ್‌ಲೈಟಿನ ಸುತ್ತ ಹುಳಕ್ಕೆ ಹೊಂಚು ಹಾಕುವ ಹಲ್ಲಿಗೆ ಬೆಕ್ಕು ಹೊಂಚು ಹಾಕುತ್ತದೆ. ಟ್ಯೂಬಿನ ಕೆಳಗೆ ಹಲಗೆ ಇದ್ದರೆ ಅದು ಕಣ್ಣನ್ನೂ ಮನಸ್ಸನ್ನೂ ಹಲ್ಲಿಯ ಮೇಲಿಟ್ಟು ಶೂನ್ಯಕ್ಕೆ ಹಾರುತ್ತದೆ. ಟ್ಯೂಬು, ಹಲ್ಲಿ, ಬೆಕ್ಕು ಮೂರೂ ಒಟ್ಟಿಗೆ ಕೆಳಗಿಳಿಯುವುದನ್ನು ತಪ್ಪಿಸಬೇಕಾದರೆ ದೀಪ ಒಂದು ಗೋಡೆಗೆ, ಹಲಗೆ ಇನ್ನೊಂದು ಗೋಡೆಗೆ.

ಸನ್‌ಮೈಕಾ ಬೇಡ

ಹಲಗೆಯ ಬಗ್ಗೆ ಹೇಳಲು ಹೆಚ್ಚಿಲ್ಲ. 18 ಮಿಲಿಮೀಟರ್ ಪ್ಲೈವುಡ್ ಸಾಕು. ಕರಾವಳಿ, ಮಲೆನಾಡಿನ ತೇವಕ್ಕೆ ಐಎಸ್ 710 ಮುದ್ರೆಯ ನೀರು ತಡೆಯುವ ಪ್ಲೈ ಒಳ್ಳೆಯದು. ಪಾರ್ಟಿಕಲ್ ಬೋರ್ಡು ಮಳೆಗಾಲದಲ್ಲಿ ಉಬ್ಬಿ ಸ್ಕ್ರೂ ಸಡಿಲವಾಗುತ್ತದೆ, ಅಗ್ಗವೆಂದು ತರಬೇಡಿ. ಎಂಟಡಿ ನಾಲ್ಕಡಿಯ ಒಂದು ಶೀಟಿನಲ್ಲಿ ಹತ್ತಿಂಚು ಅಗಲದ, ಹೆಚ್ಚೂಕಡಿಮೆ ಎರಡಡಿ ಉದ್ದದ ಹದಿನೆಂಟು ಹಲಗೆ ಬರುತ್ತವೆ. ಅಷ್ಟು ಬೇಡವಾದರೆ ನಿಮ್ಮ ಕಟ್ಟಡದಲ್ಲೇ ಯಾವುದಾದರೊಂದು ಮನೆಯಲ್ಲಿ ಇಂಟೀರಿಯರ್ ಕೆಲಸ ನಡೆಯುತ್ತಿರುತ್ತದೆ, ಅಲ್ಲಿ ಉಳಿದ ತುಂಡುಗಳನ್ನು ಕೇಳಿ. ಕೆಲಸದವರು ಅದನ್ನು ಹೇಗೂ ಎಸೆಯುವವರೇ.

ಆದರೆ ಅವರು ಅಭ್ಯಾಸಬಲದಿಂದ ಮೇಲೆ ಸನ್‌ಮೈಕಾ ಅಂಟಿಸಲು ಹೊರಡುತ್ತಾರೆ. ‘ಬೇಡಿ ಆಚಾರ್ರೆ, ಬೆಕ್ಕು ಜಾರುತ್ತೆ’ ಅಂದರೆ ‘ಬೆಕ್ಕಿಗೆ ಅಂತ ಮೊದ್ಲೇ ಹೇಳ್ಬಾರ್ದಾ, ನಾನು ಶೋಕೇಸ್ ಅಂದ್ಕೊಂಡೆ’ ಎಂಬ ಉತ್ತರ ಬರುತ್ತದೆ. ನುಣುಪಾದ ಹಲಗೆಗೆ ಧುಮುಕಿ ಒಮ್ಮೆ ಜಾರಿದ ಬೆಕ್ಕು, ಹಲಗೆ ಒಮ್ಮೆ ಅಲುಗಾಡಿದ್ದನ್ನು ಕಂಡ ಬೆಕ್ಕು, ತಿಂಗಳುಗಟ್ಟಲೆ ಅತ್ತ ಸುಳಿಯುವುದಿಲ್ಲ. ಹಳೆಯ ಯೋಗ ಮ್ಯಾಟು, ಕಾರ್ಪೆಟ್ ತುಂಡು, ಸೆಣಬಿನ ಬಟ್ಟೆ, ಯಾವುದಾದರೂ ಆದೀತು. ವೆಲ್ಕ್ರೊ ಪಟ್ಟಿ ಹಾಕಿ ಕೂರಿಸಿದರೆ ತೆಗೆದು ಒಗೆಯಬಹುದು. ಆಷಾಢದ ಮಳೆಯಲ್ಲಿ ಬೂಷ್ಟು ಹಿಡಿಯುವ ಊರುಗಳಲ್ಲಿ ಅಂಟು ಹಾಕಿ ಅಂಟಿಸಿದ ಕಾರ್ಪೆಟ್ಟು ಒಂದೇ ವರ್ಷಕ್ಕೆ ನಾರುತ್ತದೆ. ದಾರಿಯ ಬುಡದಲ್ಲಿ ಒಂದು ಕಂಬಕ್ಕೆ ಕತ್ತಾಳೆ ಹಗ್ಗವನ್ನು ಒತ್ತಾಗಿ ಸುತ್ತಿಸಿದರೆ ಹತ್ತುವುದಕ್ಕೂ ಆಯಿತು, ಉಗುರು ಮಸೆಯುವುದಕ್ಕೂ ಆಯಿತು. ತಿಪಟೂರು ಕಡೆಯ ತೆಂಗಿನ ನಾರಿನ ಹಗ್ಗವೂ ನಡೆಯುತ್ತದೆ, ನಾರು ಉದುರುವುದು ಸ್ವಲ್ಪ ಜಾಸ್ತಿ.

ಎಲ್ಲ ಆದ ಮೇಲೆ ಬೆಕ್ಕನ್ನು ಎತ್ತಿ ಮೇಲೆ ಕೂರಿಸುವ ಆಸೆ ಯಾರಿಗಾದರೂ ಆಗುತ್ತದೆ. ಶ್ರೀವೈಷ್ಣವರಲ್ಲಿ ಮಾರ್ಜಾಲ ನ್ಯಾಯ, ಮರ್ಕಟ ನ್ಯಾಯ ಎಂದು ಎರಡಿವೆಯಲ್ಲ. ತಾಯಿಬೆಕ್ಕು ಮರಿಯನ್ನು ತಾನೇ ಕಚ್ಚಿಕೊಂಡು ಒಯ್ಯುವುದು ಮೊದಲನೆಯದು, ಮರಿಕೋತಿ ತಾನೇ ತಾಯಿಯನ್ನು ಅಪ್ಪಿ ಹಿಡಿಯುವುದು ಎರಡನೆಯದು. ಮೋಕ್ಷದ ವಿಷಯ ಹೇಗೋ, ಹಲಗೆಯ ವಿಷಯದಲ್ಲಿ ಬೆಕ್ಕಿಗೂ ಮರ್ಕಟ ನ್ಯಾಯವೇ ಸರಿ. ಎತ್ತಿ ಕೂರಿಸಿದ ಬೆಕ್ಕಿಗೆ ತಾನು ಬಂದ ದಾರಿ ಗೊತ್ತಿರುವುದಿಲ್ಲ, ಗಾಬರಿಯಲ್ಲಿ ಹಾರುತ್ತದೆ. ಕೆಳಗಿನ ಹಲಗೆಯ ಮೇಲೆ ಅದು ಮಲಗುವ ಹಳೆಯ ಬಟ್ಟೆ ಹಾಸಿ, ಮೇಲಿನದರಲ್ಲಿ ಒಣಮೀನಿನ ಚೂರು ಇಟ್ಟು ಸುಮ್ಮನಿರಿ. ದಾರದ ತುದಿಗೆ ಗರಿ ಕಟ್ಟಿ ಆಡಿಸಿದರೆ ಮರಿಗಳು ಬೇಗ ಕಲಿಯುತ್ತವೆ. ವಿದೇಶಿ ಕ್ಯಾಟ್‌ನಿಪ್ ಪುಡಿಗೆ ದುಡ್ಡು ಕೊಡುವ ಬದಲು ರಸ್ತೆಬದಿಯ ಕುಪ್ಪಿ ಗಿಡವನ್ನು ಬೇರುಸಹಿತ ಕಿತ್ತು, ಬೇರನ್ನು ಹಲಗೆಗೆ ಉಜ್ಜಿ ನೋಡಿ. ಆ ಬೇರಿನ ವಾಸನೆಗೆ ಬೆಕ್ಕು ಹೊರಳಾಡುವುದು ಹಳ್ಳಿಯವರಿಗೆಲ್ಲ ಗೊತ್ತು. ಉಜ್ಜಿದರೆ ಸಾಕು, ತಿನ್ನಲು ಬಿಡಬೇಡಿ.

ಬಾಡಿಗೆ ಮನೆಯವರ ಕಷ್ಟ ಬೇರೆ. ಒಂದು ಮೊಳೆ ಹೊಡೆದರೂ ಮುಖ ಗಂಟಿಕ್ಕುವ ಮಾಲೀಕರು ಹದಿನಾರು ತೂತಿಗೆ ಏನಂದಾರು? ಅಂಥವರಿಗೆ ಕಿರಾಣಿ ಅಂಗಡಿಗಳಲ್ಲಿ ಸಾಮಾನು ಜೋಡಿಸುವ ಸ್ಲಾಟೆಡ್ ಆಂಗಲ್ ರ‍್ಯಾಕ್ ನಾನು ಕಂಡ ಒಳ್ಳೆಯ ಉಪಾಯ. ಉದ್ದಕ್ಕೂ ತೂತುಗಳಿರುವ ಕಬ್ಬಿಣದ ಕಾಲುಗಳಿಗೆ ತಟ್ಟೆಗಳನ್ನು ಬೇಕಾದ ಎತ್ತರಕ್ಕೆ ನಟ್ ಬೋಲ್ಟ್ ಹಾಕಿ ಬಿಗಿದುಕೊಳ್ಳಬಹುದು. ಅರ್ಧ ಅಗಲದ ಪ್ಲೈ ತುಂಡುಗಳನ್ನು ಎಡಕ್ಕೊಂದು ಬಲಕ್ಕೊಂದು ಕೂರಿಸಿದರೆ ಮೆಟ್ಟಿಲು ಸಿದ್ಧ. ಮನೆ ಬಿಡುವಾಗ ಬಿಚ್ಚಿ ಟೆಂಪೊಗೆ ಹಾಕಿದರಾಯಿತು. ಕೆಳಗಿನ ತಟ್ಟೆಯಲ್ಲಿ ಅಕ್ಕಿ ಮೂಟೆಯನ್ನೋ ನೀರಿನ ಕ್ಯಾನನ್ನೋ ಇಟ್ಟು ಬುಡ ಭಾರ ಮಾಡಿ, ಮೇಲ್ತುದಿಯನ್ನು ಕಿಟಕಿಯ ಗ್ರಿಲ್ಲಿಗೆ ತಂತಿಯಿಂದ ಕಟ್ಟಿ. ಕಟ್ಟದ ರ‍್ಯಾಕ್ ಬೆಕ್ಕಿನ ನೆಗೆತಕ್ಕೆ ಮಗುಚೀತು.

ವರ್ಷಗಳು ಕಳೆದಂತೆ ಬೆಕ್ಕು ಮೇಲಿನ ಹಲಗೆಗೆ ಹೋಗುವುದನ್ನು ಕಡಿಮೆ ಮಾಡುತ್ತದೆ. ಸೋಮಾರಿಯಾಯಿತು ಎನ್ನುತ್ತೇವೆ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹನ್ನೆರಡು ವರ್ಷ ದಾಟಿದ ನೂರು ಬೆಕ್ಕುಗಳ ಎಕ್ಸ್‌ರೇ ನೋಡಿದಾಗ ತೊಂಬತ್ತರಲ್ಲಿ ಕೀಲು ಸವೆದ ಗುರುತು ಸಿಕ್ಕಿತ್ತು. ಬೆಕ್ಕು ಕುಂಟುವುದಿಲ್ಲ, ನರಳುವುದಿಲ್ಲ, ನೆಗೆಯುವುದನ್ನು ಬಿಡುತ್ತದೆ ಅಷ್ಟೆ. ಒಂದೇ ನೆಗೆತಕ್ಕೆ ಹತ್ತುತ್ತಿದ್ದುದು ಮುಂಗಾಲು ಹಾಕಿ ಮೈ ಎಳೆದುಕೊಂಡು ಹತ್ತಿದರೆ ಡಾಕ್ಟರಿಗೆ ತೋರಿಸುವ ಹೊತ್ತು ಬಂತೆಂದು ಲೆಕ್ಕ. ಹಲಗೆಗಳನ್ನು ಕೀಳಿಸಬೇಡಿ. ಎರಡರ ನಡುವೆ ಇನ್ನೊಂದು ಸೇರಿಸಿ, ಎತ್ತರವನ್ನು ಆರೇಳು ಇಂಚಿಗೆ ಇಳಿಸಿ, ಬುಡದಲ್ಲಿ ಒಂದು ಸ್ಟೂಲ್ ಇಡಿ. ಶೀಟಿನಲ್ಲಿ ಮಿಕ್ಕ ಹಲಗೆಗಳನ್ನು ಅದಕ್ಕೆಂದೇ ಮಂಚದ ಕೆಳಗೆ ಎತ್ತಿಟ್ಟಿರಿ, ಅದೇ ಅಳತೆಯ ಒಂದೆರಡು ಜೊತೆ ಬ್ರ್ಯಾಕೆಟ್ಟನ್ನೂ. ಹೊಸ ತೂತು ಹಳೆಯದರಿಂದ ಮೂರ್ನಾಲ್ಕು ಇಂಚು ದೂರ ಇರಲಿ.